ಎಂಎಸ್ಸಿಗೆ ಧಾರವಾಡದಲ್ಲೇ ಇರಲಾ, ಹೈದರಾಬಾದಿಗೆ ಹೋಗಲಾ?

ಮುಂಡರಗಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಮುಂದೆ ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡುವುದು ಪಕ್ಕಾ. ಎಲ್ಲಿ ಅನ್ನುವುದೇ ತಲೆಬಿಸಿ.

ನಮ್ಮ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮಾರ್ಕ್ಸ್ ಚೆನ್ನಾಗಿವೆ, ಕವಿವಿಯಲ್ಲಿ ಮೆರಿಟ್ ಸೀಟು ಸಿಗುತ್ತದೆ ಅಂತ ನಮ್ಮ ಸರ್ ಹೇಳುತ್ತಾರೆ. ನಮ್ಮ ಸೀನಿಯರ್ ಅಕ್ಕ ಒಬ್ಬರು ಹೈದರಾಬಾದ್ ವಿವಿಯಲ್ಲಿ ಓದುತ್ತಿದ್ದಾರೆ. ಫೋನ್ ಮಾಡಿದಾಗಲೆಲ್ಲ "ಸಿಯುಇಟಿ ಬರಿ, ಇಲ್ಲಿಗೆ ಬಾ" ಅನ್ನುತ್ತಾರೆ. ಸಿಯುಇಟಿ ಅಂದರೆ ಕೇಂದ್ರೀಯ ವಿವಿಗಳ ಪ್ರವೇಶ ಪರೀಕ್ಷೆ.

ಧಾರವಾಡ ಅಂದರೆ ಮನೆಯಲ್ಲಿ ಯಾರಿಗೂ ಚಿಂತೆ ಇಲ್ಲ. ಹೈದರಾಬಾದ್ ಅಂದರೆ ಅಪ್ಪ ಸುಮ್ಮನಾಗುತ್ತಾರೆ, ಅವ್ವ ಮಾತು ಬದಲಿಸುತ್ತಾಳೆ. ಎಸ್ಸೆಸ್ಸೆಲ್ಸಿವರೆಗೆ ನನ್ನದು ಕನ್ನಡ ಮಾಧ್ಯಮ. ಮುಂದೆ ಪಿಎಚ್‌ಡಿನಾ, ಕಂಪನಿನಾ, ಲೆಕ್ಚರರ್ ಕೆಲಸಾನಾ ಅಂತ ಇನ್ನೂ ಗಟ್ಟಿ ಮಾಡಿಲ್ಲ. ವಿವಿ ಬದಲಿಸಿದರೆ ನಿಜವಾಗಿ ಏನಾದರೂ ಬದಲಾಗುತ್ತಾ? ಅನುಭವ ಇದ್ದವರು ಹೇಳಿ.

ಜಿಗಣಿ ಕೆಮಿಸ್ಟ್:
ತಂಗಿ, ನಾನು ಔಷಧ ಕಂಪನಿಯ ಆರ್ ಅಂಡ್ ಡಿಯಲ್ಲಿ ಇದ್ದೇನೆ. ಹೊಸಬರ ಇಂಟರ್ವ್ಯೂನಲ್ಲಿ ಕೂರುತ್ತೇನೆ. ಆ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ.

ಕಂಪನಿಯಲ್ಲಿ ಎಂಎಸ್ಸಿ ಕೆಮಿಸ್ಟ್ರಿಯವರಿಗೆ ಹೆಚ್ಚಾಗಿ ಎರಡು ಬಾಗಿಲು. ಒಂದು ಕ್ಯೂಸಿ, ಅಂದರೆ ತಯಾರಾದ ಮಾಲನ್ನು ಎಚ್‌ಪಿಎಲ್‌ಸಿ, ಜಿಸಿ ಮಷೀನಿಗೆ ಹಾಕಿ ಪರೀಕ್ಷೆ ಮಾಡುವುದು. ಇನ್ನೊಂದು ಸಿಂಥೆಸಿಸ್, ಅಂದರೆ ಫ್ಯೂಮ್ ಹುಡ್ ಮುಂದೆ ನಿಂತು ಹೊಸ ಅಣು ಮಾಡುವುದು. ಮೊದಲನೆಯದಕ್ಕೆ ಅನಲಿಟಿಕಲ್ ಓದಿದವರೂ ಸಾಕು. ಎರಡನೆಯದಕ್ಕೆ ಆರ್ಗ್ಯಾನಿಕ್ ಬೇಕು, ಕೈ ಪಳಗಿರಬೇಕು. ಪಗಾರ, ಶಿಫ್ಟು, ಬೆಳೆಯುವ ದಾರಿ ಎಲ್ಲ ಬೇರೆ ಬೇರೆ.

ಇಂಟರ್ವ್ಯೂನಲ್ಲಿ ವಿವಿ ಹೆಸರು ನೋಡುವುದು ಮೊದಲ ಒಂದು ನಿಮಿಷ. ಆಮೇಲೆ ಅಣುವಿನ ರಚನೆ ತಿಳಿಸುವ ಒಂದು ಎನ್‌ಎಂಆರ್ ಸ್ಪೆಕ್ಟ್ರಂ ಮುಂದೆ ಇಟ್ಟು, ಇದು ಯಾವ ಅಣು ಹೇಳಿ ಅನ್ನುತ್ತೇವೆ. ಕಾಲಮ್ ನೀವೇ ಪ್ಯಾಕ್ ಮಾಡಿದ್ದೀರಾ? ಟಿಎಲ್‌ಸಿಯಲ್ಲಿ ಎರಡು ಚುಕ್ಕೆ ಅಂಟಿಕೊಂಡೇ ಬಂದರೆ ಏನು ಮಾಡುತ್ತೀರಿ? ಗ್ರಿನ್ಯಾರ್ ಪ್ರತಿಕ್ರಿಯೆ ಶುರುವಾಗದಿದ್ದರೆ? ಈ ಪ್ರಶ್ನೆಗಳಿಗೆ ಓದಿದವರಿಗಿಂತ ಮಾಡಿದವರೇ ಚೆನ್ನಾಗಿ ಉತ್ತರ ಕೊಡುತ್ತಾರೆ. ಕೊನೆಯ ಸೆಮಿಸ್ಟರಿನಲ್ಲಿ ನಿಜವಾದ ಪ್ರಾಜೆಕ್ಟ್ ಮಾಡಿದ ಹುಡುಗ ಹುಡುಗಿಯರು ಅಲ್ಲೇ ಬೇರೆ ಕಾಣುತ್ತಾರೆ, ಅವರು ಯಾವ ಊರಿಂದ ಬಂದಿರಲಿ.

ಆದ್ದರಿಂದ ಎರಡೂ ಕಡೆ ಕೇಳಬೇಕಾದ್ದು ಇಷ್ಟೇ. ಎಂಎಸ್ಸಿ ಹುಡುಗರಿಗೆ ಪ್ರಾಜೆಕ್ಟ್ ಎಷ್ಟು ತಿಂಗಳು? ಅದನ್ನು ಸಂಶೋಧನಾ ಗುಂಪಿನಲ್ಲಿ ಮಾಡಿಸುತ್ತಾರಾ, ಇಲ್ಲಾ ಹಳೇ ವರದಿ ನೋಡಿ ಬರೆಸುತ್ತಾರಾ? ಮಷೀನ್ ಮುಟ್ಟಲು ಬಿಡುತ್ತಾರಾ, ಗಾಜಿನಾಚೆಯಿಂದ ತೋರಿಸುತ್ತಾರಾ?

ಗಚ್ಚಿಬೌಲಿ ಕನ್ನಡಿಗ:
ನಾನು ಕರ್ನಾಟಕದಲ್ಲಿ ಬಿಎಸ್ಸಿ ಮುಗಿಸಿ ಹೈದರಾಬಾದ್ ವಿವಿಯಲ್ಲಿ ಕೆಮಿಸ್ಟ್ರಿ ಮಾಡಿದವನು. ಅಲ್ಲಿಯ ಕೆಮಿಸ್ಟ್ರಿಗೆ ದೇಶದಲ್ಲಿ ಹೆಸರಿದೆ. 1974ರಲ್ಲಿ ಶುರುವಾದ ವಿವಿ, ಮೊದಲಿನಿಂದಲೂ ಸ್ನಾತಕೋತ್ತರ ಮತ್ತು ಸಂಶೋಧನೆಯೇ ಮುಖ್ಯ. ಸುತ್ತ ಕಾಲೇಜುಗಳನ್ನು ಸೇರಿಸಿಕೊಂಡು ಲಕ್ಷಗಟ್ಟಲೆ ಉತ್ತರ ಪತ್ರಿಕೆ ತಿದ್ದಿಸುವ ಹೊರೆ ಅದಕ್ಕಿಲ್ಲ. ನಮ್ಮ ರಾಜ್ಯದ ವಿವಿಗಳಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇದೇ ಅಂತ ನನ್ನ ಲೆಕ್ಕ. ಕಟ್ಟಡ ಅಲ್ಲ, ಪ್ರೊಫೆಸರರ ಸಮಯ.

ಆದರೆ ಮೊದಲ ಸೆಮಿಸ್ಟರ್ ಕಷ್ಟ, ಮುಚ್ಚಿಡುವುದಿಲ್ಲ. ಬಂಗಾಳ, ಕೇರಳ, ಒಡಿಶಾದಿಂದ ಬಂದವರು ಕ್ವಾಂಟಮ್ ಕೆಮಿಸ್ಟ್ರಿಯನ್ನು ಬಿಎಸ್ಸಿಯಲ್ಲೇ ಗಟ್ಟಿಯಾಗಿ ಓದಿಕೊಂಡಿರುತ್ತಾರೆ. ನಮ್ಮಲ್ಲಿ ಅದನ್ನು ಕೊನೆಯ ವಾರ ಓಡಿಸಿರುತ್ತಾರೆ. ಊರಲ್ಲಿ ಮೊದಲ ಸ್ಥಾನದಲ್ಲಿದ್ದವರು ಇಲ್ಲಿ ಕ್ಲಾಸಿನ ಮಧ್ಯದಲ್ಲೆಲ್ಲೋ ಇರುತ್ತಾರೆ. ಆ ಏಟು ತಡೆದುಕೊಂಡರೆ ಮುಂದಿನದು ಸಲೀಸು. ಕನ್ನಡ ಮಾಧ್ಯಮದ ಭಯ ಬಿಡಿ, ಎರಡು ತಿಂಗಳಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಪ್ರಶ್ನೆ ಕೇಳಲು ನಾಚಿಕೆ ಪಟ್ಟರೆ ಮಾತ್ರ ಕೆಟ್ಟಿರಿ.

ಪರೀಕ್ಷೆ ಬಗ್ಗೆ: ಸಿಯುಇಟಿ ಪಿಜಿ 2022ರಿಂದ ನಡೆಯುತ್ತಿದೆ. 2025ರಲ್ಲಿ 75 ಪ್ರಶ್ನೆ, 90 ನಿಮಿಷ, 300 ಅಂಕ ಇತ್ತು. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಪ್ರಶ್ನೆಗಳು ಬಿಎಸ್ಸಿ ಮಟ್ಟದವೇ, ಆದರೆ ವೇಗ ಬೇಕು. ಇನ್ನೊಂದು ಮಾತು, ಇಲ್ಲೇ ತುಂಬಾ ಜನ ಎಡವುತ್ತಾರೆ. ಪರೀಕ್ಷೆ ನಡೆಸುವ ಎನ್‌ಟಿಎ ಅಂಕ ಕೊಡುತ್ತದೆ ಅಷ್ಟೇ, ಸೀಟು ಕೊಡುವುದಿಲ್ಲ. ಫಲಿತಾಂಶ ಬಂದ ಮೇಲೆ ಹೈದರಾಬಾದಿಗೆ ಬೇರೆ ಅರ್ಜಿ, ಪಾಂಡಿಚೇರಿಗೆ ಬೇರೆ, ಕಲಬುರಗಿ ಹತ್ತಿರದ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿವಿಗೆ ಬೇರೆ. ಒಂದೊಂದರ ಕೊನೆಯ ದಿನಾಂಕವೂ ಬೇರೆ.

ಸಪ್ತಾಪುರ ಸರ್ಕಲ್:
ಸುಮ್ನೆ ಹೈದರಾಬಾದ್ ಹೈದರಾಬಾದ್ ಅಂತ ಮಕ್ಕಳ ತಲೆ ಕೆಡಿಸಬೇಡಿ. ಧಾರವಾಡದಲ್ಲಿ ಓದಿ ಅಮೆರಿಕಕ್ಕೆ ಹೋದವರಿಲ್ಲವಾ?

ಗಚ್ಚಿಬೌಲಿ ಕನ್ನಡಿಗ:
ಇದ್ದಾರೆ ಅಣ್ಣಾ. ನಾನು ಇಲ್ಲ ಅಂದೆನಾ? ಆ ಹುಡುಗಿ ಏನು ಬದಲಾಗುತ್ತದೆ ಅಂತ ಕೇಳಿದಳು, ಅದಕ್ಕೆ ಉತ್ತರ ಕೊಟ್ಟೆ.

ಬನಶಂಕರಿ ಬಸ್‌ಸ್ಟಾಪ್:
ಸಿಎನ್‌ಆರ್ ರಾವ್ ಏನು ಮಾಡಿದರು ನೋಡಿ. 1951ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮೈಸೂರು ವಿವಿಯ ಬಿಎಸ್ಸಿ ಮುಗಿಸಿ, ಎಂಎಸ್ಸಿಗೆ ಸೀದಾ ಬನಾರಸ್ ಹಿಂದೂ ವಿವಿಗೆ ಹೋದರು. ಉಡುಪಿ ಕಡೆಯ ಯು.ಆರ್. ರಾವ್ ಕೂಡ ಎಂಎಸ್ಸಿ ಮಾಡಿದ್ದು ಬನಾರಸ್‌ನಲ್ಲೇ. ಆ ಕಾಲದಲ್ಲೇ ಅಷ್ಟು ದೂರ ಹೋಗಿದ್ದಾರೆ, ಈಗ ಒಂದು ರಾತ್ರಿಯ ರೈಲಿಗೆ ಹೆದರುವುದಾ?

ಒಂಟಿಕೊಪ್ಪಲ್:
ಕುವೆಂಪು ಮೈಸೂರು ವಿವಿ ಬಿಟ್ಟು ಎಲ್ಲೂ ಹೋಗಲಿಲ್ಲ ಸ್ವಾಮಿ. 1929ರಲ್ಲಿ ಮಹಾರಾಜ ಕಾಲೇಜಿನಲ್ಲೇ ಎಂಎ, ಅಲ್ಲೇ ಮೇಷ್ಟ್ರು, ಕೊನೆಗೆ ಅದೇ ವಿವಿಗೆ ಕುಲಪತಿ. ದೊಡ್ಡವರ ಉದಾಹರಣೆ ಎರಡೂ ಕಡೆ ಸಿಗುತ್ತವೆ. ಅಂದ ಹಾಗೆ ಮೈಸೂರು ವಿವಿ, ಬನಾರಸ್ ವಿವಿ ಎರಡೂ 1916ರಲ್ಲಿ ಹುಟ್ಟಿದವು, ಒಂದೇ ವಾರಗೆಯವು.

ಮುಂಡರಗಿಯವರೇ, ಮೈಸೂರನ್ನೂ ಯೋಚಿಸಿ. ಅಲ್ಲಿಯ ವಿವಿ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಕೆಮಿಸ್ಟ್ರಿ ಚೆನ್ನಾಗಿದೆ, ವಿಜ್ಞಾನ ಭವನದಲ್ಲಿ ಒಳ್ಳೇ ಉಪಕರಣಗಳಿವೆ. ಆದರೆ ರಾಜ್ಯದೊಳಗೇ ಒಂದು ವಿವಿಯಿಂದ ಇನ್ನೊಂದಕ್ಕೆ ಹೋಗುವುದು ಅಂದುಕೊಂಡಷ್ಟು ಸುಲಭ ಅಲ್ಲ. ಸಾಮಾನ್ಯವಾಗಿ ಪ್ರತಿ ವಿವಿಯೂ ತನ್ನ ಕಾಲೇಜುಗಳ ಮಕ್ಕಳಿಗೇ ಹೆಚ್ಚು ಸೀಟು ಇಡುತ್ತದೆ, ಹೊರಗಿನವರಿಗೆ ಉಳಿಯುವುದು ಸ್ವಲ್ಪ. ಕೆಲವರಿಗೆ ಹೈದರಾಬಾದಿನ ಗಚ್ಚಿಬೌಲಿಗಿಂತ ಮೈಸೂರಿನ ಗಂಗೋತ್ರಿಯೇ ದೂರ ಅನ್ನಿಸುವುದು ಅದಕ್ಕೇ.

ಪಾವಟೆ ನಗರ:
ನಾನು ಕವಿವಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕೆಮಿಸ್ಟ್ರಿಯೇ. ಒಳಗಿನವಳಾಗಿ ಎರಡು ಮಾತು.

ಧಾರವಾಡದ ಕೆಮಿಸ್ಟ್ರಿಯನ್ನು ಕಡಿಮೆ ಅಂದುಕೊಳ್ಳಬೇಡ ತಂಗಿ. ಆರ್ಗ್ಯಾನಿಕ್, ಇನಾರ್ಗ್ಯಾನಿಕ್, ಫಿಸಿಕಲ್, ಅನಲಿಟಿಕಲ್ ಅಂತ ವಿಶೇಷ ವಿಷಯ ಇಲ್ಲೂ ತೆಗೆದುಕೊಳ್ಳಬಹುದು. ವಿವಿಯ ಉಪಕರಣ ಕೇಂದ್ರವಾದ ನಮ್ಮ ಯೂಸಿಕ್‌ಗೆ ಬೇರೆ ಊರಿನವರೂ ಸ್ಯಾಂಪಲ್ ಕಳಿಸುತ್ತಾರೆ. ಮಷೀನ್ ಇಲ್ಲದ ಊರಲ್ಲ ಇದು.

ನೀನು ನೋಡಬೇಕಾದ್ದು ಬೇರೆ. ರಾಜ್ಯದ ವಿವಿಗಳಲ್ಲಿ ನಿವೃತ್ತರಾದವರ ಜಾಗ ಬೇಗ ತುಂಬುವುದಿಲ್ಲ. ಇದು ಒಂದು ವಿವಿಯ ಕಥೆ ಅಲ್ಲ, ಎಲ್ಲರದ್ದೂ. ಹಾಗಾಗಿ ಸೇರುವ ಮೊದಲು ವಿಭಾಗಕ್ಕೇ ಒಂದು ದಿನ ಬಾ. ನಿನ್ನ ವಿಷಯದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ, ಅವರಲ್ಲಿ ಮುಂದಿನ ಎರಡು ವರ್ಷದಲ್ಲಿ ನಿವೃತ್ತರಾಗುವವರು ಯಾರು, ಉಳಿದ ಪೇಪರ್ ಯಾರು ತೆಗೆದುಕೊಳ್ಳುತ್ತಾರೆ ಅಂತ ಕೇಳು. ಆಫೀಸಿನಲ್ಲಿ ಕೇಳಬೇಡ, ಕ್ಯಾಂಟೀನಿನಲ್ಲಿ ಎರಡನೇ ವರ್ಷದ ಹುಡುಗಿಯರನ್ನು ಕೇಳು. ಚಹಾ ಮುಗಿಯುವುದರೊಳಗೆ ಎಲ್ಲಾ ಹೇಳುತ್ತಾರೆ.

ಅತಿಥಿ ಉಪನ್ಯಾಸಕರು ಅಂದರೆ ಕೆಟ್ಟ ಪಾಠ ಅಂತಲ್ಲ. ನನಗೆ ಸ್ಪೆಕ್ಟ್ರೋಸ್ಕೋಪಿ ಅರ್ಥ ಮಾಡಿಸಿದವರು ಅತಿಥಿ ಉಪನ್ಯಾಸಕರೇ. ಆದರೆ ಅವರಿಗೆ ಸ್ವಂತ ಲ್ಯಾಬ್ ಇಲ್ಲ, ಪ್ರಾಜೆಕ್ಟ್ ಹಣ ಇಲ್ಲ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ನಿನ್ನ ಪ್ರಾಜೆಕ್ಟಿಗೆ ಅದು ತಟ್ಟುತ್ತದೆ.

ಇಲ್ಲೇ ಇದ್ದುಕೊಂಡು ಹೊರಗಿನ ಲ್ಯಾಬ್ ನೋಡುವ ದಾರಿಯೂ ಇದೆ, ಯಾರೂ ಹೇಳಲಿಲ್ಲ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಇದೆ. ಎರಡು ತಿಂಗಳು ದೇಶದ ಯಾವುದಾದರೂ ಒಳ್ಳೇ ಲ್ಯಾಬಿನಲ್ಲಿ ಕೆಲಸ, ಜೊತೆಗೆ ಸ್ಟೈಪೆಂಡ್. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ್ದೂ ಒಂದು ಬೇಸಿಗೆ ಕಾರ್ಯಕ್ರಮ ಇದೆ. ಎಂಎಸ್ಸಿ ಮೊದಲ ವರ್ಷ ಆದ ಮೇಲೆ ಹೋಗಿ ಬಂದವರು ಬೇರೆಯೇ ಮಾತಾಡುತ್ತಾರೆ.

ಮುಂಡರಗಿ ಹುಡುಗಿ:
ಅಕ್ಕಾ, ಇದು ನಿಜವಾಗಲೂ ಗೊತ್ತಿರಲಿಲ್ಲ. ಫೆಲೋಶಿಪ್ ಸಿಗಬೇಕಾದರೆ ವಿವಿ ಹೆಸರು ನೋಡುತ್ತಾರಾ?

ಪಾವಟೆ ನಗರ:
ಮಾರ್ಕ್ಸ್, ಶಿಫಾರಸು ಪತ್ರ, ನೀನು ಏನು ಮಾಡಬೇಕು ಅಂತ ಬರೆದದ್ದು ನೋಡುತ್ತಾರೆ. ಬರವಣಿಗೆಗೆ ಒಂದು ವಾರವಾದರೂ ಕೊಡು. ಹಿಂದಿನ ವರ್ಷದವರದ್ದನ್ನು ನಕಲು ಮಾಡಿದರೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಹಾವೇರಿ ಹಾದಿ:
ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನು ಹೊಸ ಹಾವೇರಿ ವಿವಿಯ ವಿದ್ಯಾರ್ಥಿ. ಒಂಬತ್ತು ಹೊಸ ವಿವಿಗಳನ್ನು ಮುಚ್ಚಬೇಕು ಅಂತ 2025ರಲ್ಲಿ ಸಂಪುಟ ಉಪಸಮಿತಿ ಹೇಳಿದಾಗಿನಿಂದ ನಮ್ಮಲ್ಲಿ ಎಲ್ಲರಿಗೂ ಒಂದೇ ಚಿಂತೆ. ಪದವಿ ಒಂದು ಹೆಸರಲ್ಲಿ, ಎಂಎಸ್ಸಿ ಇನ್ನೊಂದು ಹೆಸರಲ್ಲಿ ಇದ್ದರೆ ತೊಂದರೆ ಆಗುತ್ತಾ?

ಕಾಗದ ಪತ್ರ:
ತೊಂದರೆ ಇಲ್ಲ ತಮ್ಮಾ. ಕಾನೂನಿನಂತೆ ಸ್ಥಾಪನೆಯಾದ ವಿವಿ ಕೊಟ್ಟ ಪದವಿ ಪದವಿಯೇ, ನಾಳೆ ವಿವಿ ಬೇರೆಯದರ ಜೊತೆ ಸೇರಿದರೂ. ನಿನ್ನ ಮಾರ್ಕ್ಸ್‌ಕಾರ್ಡುಗಳನ್ನೆಲ್ಲ ಡಿಜಿಲಾಕರಿನಲ್ಲಿ ಬಂದಿವೆಯಾ ಅಂತ ನೋಡಿಕೋ. ಬಾರದಿದ್ದರೆ ಈಗಲೇ ಕಾಲೇಜಿನಲ್ಲಿ ಹೇಳು.

ಈಗ ಮುಂಡರಗಿ ತಂಗಿಗೆ. ನಾನು ಪ್ರವೇಶದ ಕೆಲಸ ನೋಡಿದವನು. ವಿವಿ ಬದಲಿಸುವವರು ಎಲ್ಲಿ ಸಿಕ್ಕಿಬೀಳುತ್ತಾರೆ ಗೊತ್ತಾ? ಪರೀಕ್ಷೆಯಲ್ಲಿ ಅಲ್ಲ, ತಾರೀಖಿನಲ್ಲಿ. ಕೇಂದ್ರೀಯ ವಿವಿಗಳು ಜೂನ್ ಜುಲೈನಲ್ಲಿ ಪ್ರವೇಶ ಮುಗಿಸಲು ನೋಡುತ್ತವೆ. ನಮ್ಮಲ್ಲಿ ಆರನೇ ಸೆಮಿಸ್ಟರ್ ಫಲಿತಾಂಶ ಅಷ್ಟರಲ್ಲಿ ಬಂದಿರುವುದು ಅಪರೂಪ. ಸಾಮಾನ್ಯವಾಗಿ ತಾತ್ಕಾಲಿಕ ಪ್ರವೇಶ ಕೊಟ್ಟು, ಇಂಥ ದಿನದೊಳಗೆ ಮಾರ್ಕ್ಸ್‌ಕಾರ್ಡ್ ತನ್ನಿ ಅಂತ ಬರೆಸಿಕೊಳ್ಳುತ್ತಾರೆ. ಆ ದಿನ ಯಾವುದು ಅಂತ ಮೊದಲೇ ಓದಿಕೊಳ್ಳಬೇಕು. ಐದನೇ ಸೆಮಿಸ್ಟರ್‌ವರೆಗೆ ಒಂದೂ ಬ್ಯಾಕ್ ಇಲ್ಲದಿದ್ದರೆ ಅರ್ಧ ಚಿಂತೆ ಕಡಿಮೆ.

ಕಾಲೇಜಿನಿಂದ ಟಿಸಿ, ಕವಿವಿಯಿಂದ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು. ಧಾರವಾಡದಲ್ಲೇ ಮುಂದುವರಿದರೆ ಮೈಗ್ರೇಶನ್ ಬೇಡ.

ಎರಡೂ ಕಡೆ ಬಾಗಿಲು ತೆರೆದಿಡಬಹುದು. ಯುಜಿಸಿ 2018ರಲ್ಲೇ ಹೇಳಿದೆ, ಮೂಲ ಪ್ರಮಾಣಪತ್ರಗಳನ್ನು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಶುಲ್ಕದ ವಿಷಯಕ್ಕೆ 2024-25ರ ಸಾಲಿಗೆ ಹೀಗಿತ್ತು: ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟರೆ ಪೂರ್ತಿ ವಾಪಸ್, ಅಕ್ಟೋಬರ್ 31ರೊಳಗೆ ಬಿಟ್ಟರೆ 1000 ರೂಪಾಯಿಗಿಂತ ಜಾಸ್ತಿ ಹಿಡಿಯುವಂತಿಲ್ಲ. ನಿನ್ನ ವರ್ಷದ ಸುತ್ತೋಲೆ ಬಂದ ಕೂಡಲೇ ಪ್ರಿಂಟ್ ತೆಗೆದಿಟ್ಟುಕೋ. ಕೌಂಟರಿನಲ್ಲಿ ಬಾಯಿಮಾತು ನಡೆಯುವುದಿಲ್ಲ, ಕಾಗದ ನಡೆಯುತ್ತದೆ.

ಗೆಸ್ಟ್ ಮೇಷ್ಟ್ರು:
ಲೆಕ್ಚರರ್ ಆಗುವ ಆಸೆಯಿದ್ದರೆ ಇದನ್ನೂ ಓದಿ. ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಎಂಎಸ್ಸಿಯಲ್ಲಿ 55 ಶೇಕಡಾ, ಮೀಸಲಾತಿಯವರಿಗೆ 50. ಕೆಸೆಟ್ ಮೊದಲು ಮೈಸೂರು ವಿವಿ ನಡೆಸುತ್ತಿತ್ತು, ಈಗ ರಾಜ್ಯದ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಪಿಯು ಕಾಲೇಜಿಗೆ ಎಂಎಸ್ಸಿ ಜೊತೆಗೆ ಬಿಎಡ್. ಈ ಎಲ್ಲದರಲ್ಲೂ ಹೈದರಾಬಾದ್ ಎಂಎಸ್ಸಿಗೆ ಧಾರವಾಡ ಎಂಎಸ್ಸಿಗಿಂತ ಒಂದು ಅಂಕವೂ ಜಾಸ್ತಿ ಸಿಗುವುದಿಲ್ಲ. ಕಠಿಣ ಕ್ಲಾಸಿನಲ್ಲಿ ಗ್ರೇಡ್ ಇಳಿದರೆ ಆಯ್ಕೆಯಲ್ಲಿ ಹಿಂದೆ ಬೀಳಬಹುದು. ನಾನು ಇಲ್ಲೇ ಓದಿ, ಇಲ್ಲೇ ಕೆಸೆಟ್ ಮಾಡಿಕೊಂಡು, ಇಲ್ಲೇ ಕಾಯುತ್ತಿದ್ದೇನೆ. ಕಾಯುವುದು ಮಾತ್ರ ಯಾವ ವಿವಿಯವರಿಗೂ ತಪ್ಪಿಲ್ಲ!

ಕೆಎಎಸ್, ಎಫ್‌ಡಿಎ ಕಡೆ ಕಣ್ಣಿದ್ದರಂತೂ ಧಾರವಾಡ ಬಿಡಲೇಬೇಡಿ. ಸಪ್ತಾಪುರದಲ್ಲಿ ಕಲ್ಲು ಎಸೆದರೆ ಕೋಚಿಂಗ್ ಸೆಂಟರಿನ ಬೋರ್ಡಿಗೇ ಬೀಳುತ್ತದೆ.

ಗಚ್ಚಿಬೌಲಿ ಕನ್ನಡಿಗ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಒಂದು ಬಿಟ್ಟರು. ಸಿಎಸ್‌ಐಆರ್ ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ಆ ಪರೀಕ್ಷೆ ಪಾಸಾಗುವುದು ಸುತ್ತ ಇರುವವರ ಮೇಲೂ ನಿಂತಿದೆ. ಹಾಸ್ಟೆಲಿನ ಕಾರಿಡಾರಿನಲ್ಲಿ ಇಪ್ಪತ್ತು ಜನ ಅದಕ್ಕೇ ಓದುತ್ತಿದ್ದರೆ ನೀವೂ ಓದುತ್ತೀರಿ. ವಿವಿ ಬದಲಿಸಿದ್ದರಿಂದ ನನಗೆ ಸಿಕ್ಕ ದೊಡ್ಡ ಲಾಭ ಪಾಠ ಅಲ್ಲ, ಆ ಕಾರಿಡಾರು.

ಜಿಗಣಿ ಕೆಮಿಸ್ಟ್:
ಇದಕ್ಕೆ ನನ್ನ ಸಹಿ. ಜಾಮ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಐಐಟಿಗಳ ಎಂಎಸ್ಸಿಗೆ ಅದೇ ಪರೀಕ್ಷೆ. ಬೆಂಗಳೂರಿನ ಐಐಎಸ್‌ಸಿ ಕೂಡ ಅದನ್ನು ತೆಗೆದುಕೊಳ್ಳುತ್ತದೆ. ಫೆಬ್ರವರಿಯಲ್ಲಿ ಪರೀಕ್ಷೆ, ಅರ್ಜಿ ಅಕ್ಟೋಬರ್ ಹೊತ್ತಿಗೇ ಮುಗಿಯುತ್ತದೆ.

ಮುಂಡರಗಿ ಹುಡುಗಿ:
ಅದು ಮುಗಿದೇ ಹೋಯಿತು ಅಣ್ಣಾ. ಈ ವರ್ಷ ಸಿಯುಇಟಿ ಮಾತ್ರ.

ಮೂರು ಹೆಣ್ಣುಮಕ್ಕಳ ತಂದೆ:
ನೋಡವ್ವಾ, ನೀವೆಲ್ಲ ಎನ್‌ಎಂಆರ್ ಅಂತ ಮಾತಾಡುತ್ತಿದ್ದೀರಿ. ನನಗೆ ಅದು ತಿಳಿಯುವುದಿಲ್ಲ. ನಿಮ್ಮಪ್ಪ ಯಾಕೆ ಸುಮ್ಮನಾಗುತ್ತಾರೆ ಅನ್ನುವುದು ತಿಳಿಯುತ್ತದೆ.

ದುಡ್ಡಿನ ಲೆಕ್ಕ ಅವರಿಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ. ಕೇಂದ್ರೀಯ ವಿವಿಯಲ್ಲಿ ಶುಲ್ಕ ಕಡಿಮೆ, ಕ್ಯಾಂಪಸ್ ಒಳಗೇ ಹಾಸ್ಟೆಲ್. ಧಾರವಾಡದಲ್ಲಿ ಮೆರಿಟ್ ಸೀಟು ಸಿಕ್ಕಿದರೆ ಅಗ್ಗ, ಪೇಮೆಂಟ್ ಸೀಟಾದರೆ ಲೆಕ್ಕವೇ ಬೇರೆ. ಇಲ್ಲಿ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಇದೆ, ಸಿಗದಿದ್ದರೆ ವಿದ್ಯಾಸಿರಿ ಯೋಜನೆಯ ನೆರವು ಇದೆ. ಹೊರರಾಜ್ಯಕ್ಕೆ ಹೋದರೆ ಇದರಲ್ಲಿ ಏನು ಉಳಿಯುತ್ತದೆ ಅಂತ ಇಲಾಖೆಯಲ್ಲೇ ಕೇಳಿಕೋ. ಎರಡು ವರ್ಷದ್ದನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದೆ ಇಡು. ಊಟ, ರೈಲು, ಹಬ್ಬಕ್ಕೆ ಬಂದು ಹೋಗುವುದು ಎಲ್ಲಾ ಸೇರಿಸಿ.

ಇನ್ನೊಂದು, ಅವರು ಆ ಜಾಗ ನೋಡಿಲ್ಲ. ನನ್ನ ಎರಡನೇ ಮಗಳು ಹೊರಗೆ ಹೋಗುತ್ತೇನೆ ಅಂದಾಗ ನಾನೂ ಬೇಡ ಅಂದವನೇ. ಹಾಸ್ಟೆಲ್ ಗೇಟು, ವಾರ್ಡನ್ನು, ದವಾಖಾನೆ ನೋಡಿ ಬಂದ ಮೇಲೆ ನನ್ನ ಹತ್ತಿರ ಹೇಳಲು ಕಾರಣ ಉಳಿಯಲಿಲ್ಲ. ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಅಪ್ಪನನ್ನು ಕರೆದುಕೊಂಡು ಹೋಗು. ನಿಮ್ಮ ಸೀನಿಯರ್ ಅಕ್ಕ ಇದ್ದಾಳಲ್ಲ, ಅವಳೇ ತೋರಿಸಲಿ. ಅವ್ವನನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ತೀರ್ಮಾನ ಯಾರದ್ದು ಅಂತ ನಿನಗೇ ಗೊತ್ತು.

ಮುಂಡರಗಿ ಹುಡುಗಿ:
ಕಾಕಾ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ನಕ್ಕರು. ಸಂಕ್ರಾಂತಿ ಆದ ಮೇಲೆ ನೋಡೋಣ ಅಂದಿದ್ದಾರೆ. ಬೇಡ ಅನ್ನಲಿಲ್ಲ, ಅದೇ ದೊಡ್ಡದು. ಅವ್ವ ಅಲ್ಲಿ ರೊಟ್ಟಿ ಸಿಗುತ್ತಾ ಅಂತ ಕೇಳಿದಳು.

ಎಲ್ಲಾ ಓದಿದ ಮೇಲೆ ನನಗೆ ಅನ್ನಿಸಿದ್ದು ಹೀಗೆ. ಸಿಂಥೆಸಿಸ್ ಕಡೆ ಹೋಗುವ ಆಸೆ ಇದೆ, ಆಮೇಲೆ ಪಿಎಚ್‌ಡಿ. ಹಾಗಿದ್ದರೆ ಹೈದರಾಬಾದ್ ಸಿಕ್ಕರೆ ಹೋಗುತ್ತೇನೆ. ಅದು ಸಿಗದೆ ಬೇರೆ ಕೇಂದ್ರೀಯ ವಿವಿ ಸಿಕ್ಕರೆ, ಅಲ್ಲಿ ಆರ್ಗ್ಯಾನಿಕ್ ಲ್ಯಾಬ್ ಹೇಗಿದೆ ಅಂತ ಕೇಳಿಕೊಂಡು, ಧಾರವಾಡಕ್ಕಿಂತ ಚೆನ್ನಾಗಿದ್ದರೆ ಮಾತ್ರ. ಸುಮ್ನೆ ಊರು ಬದಲಿಸುವುದಕ್ಕೆ ಅಂತ ಹೋಗಲ್ಲ. ಧಾರವಾಡದ ಅರ್ಜಿಯನ್ನೂ ಹಾಕುತ್ತೇನೆ. ಮುಂದಿನ ವಾರ ವಿಭಾಗಕ್ಕೆ ಬರುತ್ತೇನೆ, ಪಾವಟೆ ನಗರದ ಅಕ್ಕ ಸಿಗುತ್ತಾರಾ?

ಪಾವಟೆ ನಗರ:
ಬಾ. ಮಧ್ಯಾಹ್ನ ಊಟದ ಹೊತ್ತಿಗೆ ಬಂದರೆ ಲ್ಯಾಬ್ ತೋರಿಸುತ್ತೇನೆ. ಶೂ ಹಾಕಿಕೊಂಡು ಬಾ, ಚಪ್ಪಲಿಗೆ ಒಳಗೆ ಬಿಡುವುದಿಲ್ಲ.

ಗಚ್ಚಿಬೌಲಿ ಕನ್ನಡಿಗ:
ಅವ್ವನಿಗೆ ಹೇಳಿ, ಮೆಸ್ಸಿನಲ್ಲಿ ಅನ್ನ ಚಪಾತಿ ಇರುತ್ತದೆ. ಜೋಳದ ರೊಟ್ಟಿ ಬೇಕಾದರೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಊರಿಂದಲೇ ಬರಬೇಕು. ಬಂದ ದಿನವೇ ಪಕ್ಕದ ಕೋಣೆಯವರು ಮುಗಿಸುತ್ತಾರೆ, ಸ್ವಲ್ಪ ಬಚ್ಚಿಡಿ.

ಕಾಗದ ಪತ್ರ:
ಸಿಯುಇಟಿ ಅರ್ಜಿ ತುಂಬುವ ಮೊದಲು ಎರಡು ವಿಷಯ. ಒಂದು, ನಮ್ಮ 2ಎ, 3ಎ, 3ಬಿ ರಾಜ್ಯದ ಪಟ್ಟಿ. ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದಲ್ಲಿ ಹಿಂದುಳಿದ ವರ್ಗ ಅಂತ ಇದ್ದವರೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ. ನಿನ್ನ ಜಾತಿಯ ಹೆಸರು ಅಲ್ಲಿದೆಯಾ ನೋಡಿಕೊಂಡು, ಇದ್ದರೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸು. ನಾಡಕಚೇರಿಯಲ್ಲಿ ಕೇಳುವಾಗ "ಕೇಂದ್ರ ಸರ್ಕಾರದ್ದು" ಅಂತ ಒತ್ತಿ ಹೇಳಬೇಕು, ಇಲ್ಲದಿದ್ದರೆ ರಾಜ್ಯದ್ದೇ ಬರುತ್ತದೆ.

ಎರಡು, ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ತುಂಬು.

ಮುಂಡರಗಿ ಹುಡುಗಿ:
ಅಯ್ಯೋ. ಮಾರ್ಕ್ಸ್‌ಕಾರ್ಡಿನಲ್ಲಿ ನನ್ನ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇದೆ. ಆಧಾರಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎಲ್ಲಾ ಪೂರ್ತಿ ಇದೆ. ಯಾವುದನ್ನು ಸರಿಪಡಿಸಬೇಕು?

ಕಾಗದ ಪತ್ರ:
ಆಧಾರ್. ಮಾರ್ಕ್ಸ್‌ಕಾರ್ಡ್ ಮುಟ್ಟಲು ಹೋದರೆ ಬೋರ್ಡಿನ ಬಾಗಿಲಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆಧಾರ್ ಕೇಂದ್ರಕ್ಕೆ ಇದೇ ವಾರ ಹೋಗು. ಹೆಸರು ಬದಲಿಸಲು ಎರಡೇ ಅವಕಾಶ ಕೊಡುತ್ತಾರೆ, ಅಕ್ಷರ ನೋಡಿಕೊಂಡು ಹೇಳು.